ಕಾರು ಮನೆಯಲ್ಲೇ ಇದೆ, ದೋಷವೂ ಅಲ್ಲೇ ಇತ್ತು

2023ರ ಫೆಬ್ರುವರಿಯಲ್ಲಿ ಒಂದು ದಿನ ಬೆಳಕು ಹರಿಯುವ ಮುಂಚೆಯೇ ಮೈಸೂರಿನಿಂದ ಅಮ್ಮನ ಫೋನು ಬಂತು. "ಅಮೆರಿಕದಲ್ಲಿ ಮೂರೂವರೆ ಲಕ್ಷ ಕಾರುಗಳನ್ನು ಕಂಪನಿಯವರು ವಾಪಸ್ ತೆಗೆದುಕೊಳ್ಳುತ್ತಿದ್ದಾರಂತೆ, ನಿನ್ನದೂ ಹೋಯಿತೇ? ಆಫೀಸಿಗೆ ಹೇಗೆ ಹೋಗುತ್ತೀಯ?" ನನ್ನದು ಹದಿಮೂರು ವರ್ಷ ಹಳೆಯ ಪೆಟ್ರೋಲ್ ಕಾರು, ಅದನ್ನು ಯಾರೂ ವಾಪಸ್ ಕೇಳುವುದಿಲ್ಲ ಎಂದು ಸಮಾಧಾನ ಹೇಳಿದೆ.

ಅಮ್ಮನಿಗೆ ಗಲಿಬಿಲಿಯಾದದ್ದು ಸಹಜ, ದೋಷವಿರುವ ಕಾರುಗಳ ಬಗ್ಗೆ ಹೊರಡುವ ಇಂಥ ಪ್ರಕಟಣೆಯ ಹೆಸರೇ 'ರಿಕಾಲ್', ಅಂದರೆ ವಾಪಸ್ ಕರೆಯುವುದು. ನನಗೆ ತಲೆ ಕೆಟ್ಟದ್ದು ಅದೇ ವಾರಾಂತ್ಯ, ಸ್ನೇಹಿತರ ಮನೆಯ ಊಟದಲ್ಲಿ. ಎಲೆಯ ಮುಂದೆ ಕುಳಿತ ಹತ್ತು ಜನರಲ್ಲಿ ನಾಲ್ವರು ಆ ಸುದ್ದಿಯಲ್ಲಿದ್ದ ಟೆಸ್ಲಾ ಕಾರಿನ ಮಾಲೀಕರು, ಎಲ್ಲರೂ ಎಂಜಿನಿಯರುಗಳೇ. ನಾನು ಬಾಯಿ ತೆರೆಯುವ ಮೊದಲೇ ಒಬ್ಬರು, "ಇದು ರಿಕಾಲ್ ಅಲ್ಲವೇ ಅಲ್ಲ, ಬರೀ ಅಪ್‌ಡೇಟ್" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ! ನಾನಿನ್ನೂ ಹುಳಿ ಬಡಿಸಿಕೊಳ್ಳುತ್ತಿದ್ದೆ.

ವಾಹನದ ಬ್ರೇಕು, ಸ್ಟೀರಿಂಗುಗಳನ್ನು ನಡೆಸುವ ತಂತ್ರಾಂಶ ಎಲ್ಲೆಲ್ಲಿ ಕೈಕೊಡಬಹುದು ಎಂದು ಮೊದಲೇ ಊಹಿಸಿ ಬರೆದಿಡುವುದು ನನ್ನ ಕಸುಬು. ಇಪ್ಪತ್ತು ವರ್ಷಗಳಿಂದ ಇದೇ ಅನ್ನ, ಮೊದಲು ಬೆಂಗಳೂರಿನಲ್ಲಿ, ಈಗ ಕ್ಯಾಲಿಫೋರ್ನಿಯಾದಲ್ಲಿ. ಟೆಸ್ಲಾದಲ್ಲಿ ನಾನು ಎಂದೂ ಕೆಲಸ ಮಾಡಿಲ್ಲ. ಆ ಕಂಪನಿಯ ಬಗ್ಗೆ ಇಲ್ಲಿ ಹೇಳುವುದೆಲ್ಲ ಸಾರ್ವಜನಿಕ ದಾಖಲೆಯಲ್ಲಿರುವುದು. ನಾನು ವಕೀಲನೂ ಅಲ್ಲ, ಆದ್ದರಿಂದ ಕಾನೂನಿನ ಮಾತನ್ನು ಎಂಜಿನಿಯರನ ಮಾತೆಂದೇ ಓದಿಕೊಳ್ಳಿ.

ಆ ಫೆಬ್ರುವರಿ 16ರಂದು ಪ್ರಕಟವಾದದ್ದು 3,62,758 ಟೆಸ್ಲಾ ಕಾರುಗಳ ರಿಕಾಲ್. ಅವುಗಳಲ್ಲಿ 'ಫುಲ್ ಸೆಲ್ಫ್ ಡ್ರೈವಿಂಗ್ ಬೀಟಾ' ಎಂಬ ತಂತ್ರಾಂಶವಿತ್ತು. ಹೆಸರಿನಲ್ಲಿ ಪೂರ್ಣ ಸ್ವಯಂಚಾಲನೆ, ವ್ಯವಹಾರದಲ್ಲಿ ಚಾಲಕ ಸದಾ ಕಣ್ಣಿಟ್ಟು ಕಾಯಬೇಕಾದ ಸಹಾಯಕ ವ್ಯವಸ್ಥೆ. ಎರಡು ವರ್ಷಗಳಿಂದ ಇದನ್ನು ಹೇಳಿ ಹೇಳಿ ನಾಲಿಗೆ ಸವೆದಿದೆ, ಇಲ್ಲಿ ಮತ್ತೆ ಬಿಡಿಸುವುದಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಬೊಟ್ಟು ಮಾಡಿದ್ದು ಇವುಗಳ ಕಡೆಗೆ: ತಿರುಗುವವರಿಗೆಂದೇ ಮೀಸಲಾದ ಪಥದಲ್ಲಿ ನಿಂತ ಕಾರು ತಿರುಗದೆ ನೇರ ಹೋಗಬಹುದು, ಸ್ಟಾಪ್ ಫಲಕದ ಬಳಿ ಪೂರ್ತಿ ನಿಲ್ಲದೆ ಮುಂದೆ ಸಾಗಬಹುದು, ಹಳದಿ ದೀಪ ಉರಿಯುವಾಗ ಸಾಕಷ್ಟು ಎಚ್ಚರವಿಲ್ಲದೆ ಚೌಕಕ್ಕೆ ನುಗ್ಗಬಹುದು, ವೇಗಮಿತಿ ಬದಲಾದದ್ದಕ್ಕೆ ಸರಿಯಾಗಿ ಸ್ಪಂದಿಸದಿರಬಹುದು. ಸಂಸ್ಥೆಯ ವಿಶ್ಲೇಷಣೆಯನ್ನು ತಾನು ಒಪ್ಪುವುದಿಲ್ಲ, ಆದರೂ ಎಚ್ಚರಿಕೆಗಾಗಿ ರಿಕಾಲ್ ಮಾಡುತ್ತೇನೆ ಎಂಬುದು ಕಂಪನಿಯ ನಿಲುವಾಗಿತ್ತು. ಗಾಳಿಯಲ್ಲಿ, ಅಂದರೆ ಇಂಟರ್‌ನೆಟ್ ಮೂಲಕ, ಬರುವ ಅಪ್‌ಡೇಟನ್ನು ರಿಕಾಲ್ ಎನ್ನುವುದು ಓಬೀರಾಯನ ಕಾಲದ ಮಾತು, ತಪ್ಪು ಮಾತು ಎಂಬ ಅರ್ಥದಲ್ಲಿ ಇಲಾನ್ ಮಸ್ಕ್ ಬರೆದರು. ನಮ್ಮ ಊಟದ ಮನೆಗೆ ಆ ಮಾತು ಬಂದದ್ದು ಅಲ್ಲಿಂದಲೇ.

ಕಟ್ಟಿದ ಹಣದ ನೋವು ನನಗೆ ಅರ್ಥವಾಗುತ್ತದೆ. ಆ ಹೊತ್ತಿಗೆ ಆ ಸೌಲಭ್ಯದ ಬೆಲೆ 15,000 ಡಾಲರ್. ಅಷ್ಟು ಕೊಟ್ಟು ತಂದದ್ದರಲ್ಲಿ ದೋಷವಿದೆ ಎಂದರೆ ಮಗಳಿಗೆ ನೋಡಿ ಮಾಡಿ ತಂದ ಗಂಡಿನ ಬಗ್ಗೆ ಯಾರೋ ಕೊಂಕು ಆಡಿದಂತೆ ಆಗುತ್ತದೆ. ಆದರೆ 'ರಿಕಾಲ್' ಎಂಬ ಪದ ಕಾರು ಎಲ್ಲಿ ರಿಪೇರಿಯಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಕಾರಿನಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷವಿದೆ ಎಂದು ಕಾನೂನಿನ ಎದುರು ಬರವಣಿಗೆಯಲ್ಲಿ ದಾಖಲಾಗಿದೆ ಎಂಬುದನ್ನು ಹೇಳುತ್ತದೆ. ಅದನ್ನು ಸರಿಪಡಿಸಲು ಗ್ಯಾರೇಜಿಗೆ ಒಯ್ಯುತ್ತೀರೋ, ನೀವು ನಿದ್ದೆ ಮಾಡುವಾಗ ವೈಫೈ ಮೂಲಕ ಬರುತ್ತದೋ, ಅದು ಎರಡನೆಯ ಸಂಗತಿ. ಆಹಾರದಲ್ಲಿ ವಿಷ ಸೇರಿದೆ ಎಂದು ತಿಳಿದ ಮೇಲೆ ಔಷಧವನ್ನು ವೈದ್ಯರು ಮನೆಗೇ ಬಂದು ಕೊಟ್ಟರೆ ವಿಷವೇ ಇರಲಿಲ್ಲ ಎನ್ನುತ್ತೇವೆಯೇ?

ಇದನ್ನು ನಾನು ಹೇಳಿದಾಗ ಎದುರಿನವರು ತಲೆಯಾಡಿಸುತ್ತಾರೆ, ಹತ್ತು ನಿಮಿಷದ ಮೇಲೆ ಮತ್ತೆ "ಆದರೆ ಇದು ಅಪ್‌ಡೇಟ್ ತಾನೇ" ಎನ್ನುತ್ತಾರೆ. ಹಾಗಾಗಿ ಇನ್ನೊಂದು ಬಗೆಯಲ್ಲಿ ಹೇಳುತ್ತೇನೆ. ಕಂಪನಿ ಒಂದು ರಾತ್ರಿ ಸದ್ದಿಲ್ಲದೆ ಅಪ್‌ಡೇಟ್ ಕಳಿಸಿದರೆ ನಿಮಗೆ ಸಿಗುವುದು 'ಸಣ್ಣಪುಟ್ಟ ಸುಧಾರಣೆಗಳು' ಎಂಬ ಒಂದು ಸಾಲು. ಅದೇ ರಿಕಾಲ್ ಆದರೆ ದೋಷ ಏನು, ಯಾವಾಗ ಗೊತ್ತಾಯಿತು, ಎಷ್ಟು ಕಾರುಗಳಲ್ಲಿದೆ ಎಂಬ ವರದಿ ಸಾರ್ವಜನಿಕ ಕಡತಕ್ಕೆ ಹೋಗಬೇಕು. ಮಾಲೀಕರಿಗೆ ಅಂಚೆಯಲ್ಲಿ ಪತ್ರ ಹೋಗಬೇಕು. ರಿಪೇರಿ ಉಚಿತವಾಗಿರಬೇಕು. ಎಷ್ಟು ಕಾರು ಸರಿಯಾಯಿತು ಎಂದು ಕಂಪನಿ ಮತ್ತೆ ಮತ್ತೆ ಲೆಕ್ಕ ಒಪ್ಪಿಸಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಕೊಟ್ಟ ಪರಿಹಾರ ಸಾಕಾಯಿತೇ ಎಂದು ಸರ್ಕಾರ ತಿರುಗಿ ಕೇಳಬಹುದು.

ಕೇಳಿದೆ ಕೂಡ. 2023ರ ಡಿಸೆಂಬರಿನಲ್ಲಿ ಇನ್ನೊಂದು ರಿಕಾಲ್ ಆಯಿತು, ಈ ಸಲ 20 ಲಕ್ಷಕ್ಕೂ ಹೆಚ್ಚು ಕಾರುಗಳದು. ಆಟೊಪೈಲಟ್ ಎಂಬ ಚಾಲನಾ ಸಹಾಯಕ ವ್ಯವಸ್ಥೆಯನ್ನು ಹಾಕಿಕೊಂಡ ಚಾಲಕ ರಸ್ತೆಯ ಮೇಲೆ ಗಮನ ಇಟ್ಟಿದ್ದಾನೆಯೇ ಎಂದು ಖಾತ್ರಿ ಮಾಡುವ ಏರ್ಪಾಡು ಸಾಲದು ಎಂಬುದು ದೂರು. ಎಚ್ಚರಿಕೆಯ ಅಕ್ಷರ ದೊಡ್ಡದಾಯಿತು, ಪದೇ ಪದೇ ತಪ್ಪಿದವರಿಗೆ ಸೌಲಭ್ಯವನ್ನು ಕೆಲ ಕಾಲ ನಿಲ್ಲಿಸುವ ವ್ಯವಸ್ಥೆಯೂ ಬಂತು. ನಾಲ್ಕು ತಿಂಗಳ ಬಳಿಕ, 2024ರ ಏಪ್ರಿಲಿನಲ್ಲಿ, ಆ ಪರಿಹಾರ ಸಾಕೇ ಎಂಬುದರ ಮೇಲೆಯೇ ಎನ್‌ಎಚ್‌ಟಿಎಸ್‌ಎ ವಿಚಾರಣೆ ತೆರೆಯಿತು. ಪರಿಹಾರ ಪಡೆದ ಕಾರುಗಳೂ ಅಪಘಾತಕ್ಕೀಡಾಗಿದ್ದವು. ಪರಿಹಾರದ ಒಂದು ಭಾಗವನ್ನು ಮಾಲೀಕನೇ ಒಪ್ಪಿ ಆರಿಸಿಕೊಳ್ಳಬೇಕಿತ್ತು, ಬೇಡವೆಂದರೆ ಹಿಂದಕ್ಕೆ ತಿರುಗಿಸಲೂ ಬಹುದಿತ್ತು. ಅದು ಬರೀ ಅಪ್‌ಡೇಟ್ ಆಗಿದ್ದರೆ ಈ ಪ್ರಶ್ನೆ ಕೇಳಲು ಕೈಯಲ್ಲಿ ಒಂದು ಕಡತವೂ ಇರುತ್ತಿರಲಿಲ್ಲ.

ದೋಷ ಎಂದರೆ ಕೋಡಿನಲ್ಲಿ ನುಸುಳಿದ ತಪ್ಪು ಎಂದು ಎಂಜಿನಿಯರುಗಳೂ ನಂಬಿದ್ದಾರೆ. 2022ರ ಆರಂಭದ ರಿಕಾಲ್ ನೋಡಿ, 53,822 ಕಾರುಗಳದು. ಕೆಲವು ಷರತ್ತುಗಳು ಕೂಡಿಬಂದಾಗ ಆ ಕಾರುಗಳು ಸ್ಟಾಪ್ ಫಲಕದ ಬಳಿ ನಿಲ್ಲದೆ ಗಂಟೆಗೆ 5.6 ಮೈಲಿವರೆಗಿನ ವೇಗದಲ್ಲಿ ಉರುಳಿ ಹೋಗುವಂತೆ ಬೇಕೆಂದೇ ಬರೆಯಲಾಗಿತ್ತು. ಕೋಡು ಹೇಳಿದಂತೆಯೇ ಕೆಲಸ ಮಾಡುತ್ತಿತ್ತು, ಕೋಡಿಗೆ ಹೇಳಿಕೊಟ್ಟದ್ದೇ ಕಾನೂನಿಗೆ ವಿರುದ್ಧವಾಗಿತ್ತು. ಆಗಲೂ ಕೇಳಿದ್ದು ಒಂದೇ ಮಾತು: "ಎಲ್ಲರೂ ಹಾಗೇ ಓಡಿಸುತ್ತಾರಲ್ಲ?" ಓಡಿಸುತ್ತಾರೆ, ನಾನೂ ಓಡಿಸಿದ್ದೇನೆ, ಒಮ್ಮೆ ದಂಡವನ್ನೂ ಕಟ್ಟಿದ್ದೇನೆ. ಆದರೆ ನಾನು ಮಾಡುವ ತಪ್ಪು ನನ್ನೊಬ್ಬನದು. ತಂತ್ರಾಂಶದ ತಪ್ಪು ಅದನ್ನು ಹೊತ್ತ ಪ್ರತಿಯೊಂದು ಕಾರಿನದು.

ಇದಕ್ಕೆ ಫೀನಿಕ್ಸ್ ನಗರದ ಒಂದು ಪ್ರಸಂಗ ನನಗೆ ತುಂಬ ಇಷ್ಟ. 2023ರ ಡಿಸೆಂಬರಿನಲ್ಲಿ ಅಲ್ಲಿ ಒಂದು ಪಿಕಪ್ ಟ್ರಕ್ಕನ್ನು ಹಿಂದುಮುಂದಾಗಿ, ಓರೆಯಾಗಿ ಎಳೆದೊಯ್ಯುತ್ತಿದ್ದರು. ವೇಮೋ ಕಂಪನಿಯ ಚಾಲಕರಹಿತ ಟ್ಯಾಕ್ಸಿ ಅದರ ಚಲನೆಯನ್ನು ತಪ್ಪಾಗಿ ಊಹಿಸಿ ತಾಗಿತು. ಕೆಲವೇ ನಿಮಿಷಗಳಲ್ಲಿ ಅದೇ ಟ್ರಕ್ಕಿಗೆ ಇನ್ನೊಂದು ವೇಮೋ ಕಾರು ಹೋಗಿ ತಾಗಿತು. ಇಬ್ಬರು ಮನುಷ್ಯರಾಗಿದ್ದರೆ ಎರಡನೆಯವನು ಹೀಗೆ ಮಾಡುವುದು ಕಷ್ಟ. ಇಲ್ಲಿ ಇಬ್ಬರ ತಲೆಯೊಳಗೂ ಒಂದೇ ಮಿದುಳು. ತಂತ್ರಾಂಶವನ್ನು ಬದಲಿಸಿದ ವೇಮೋ ಮುಂದಿನ ಫೆಬ್ರುವರಿಯಲ್ಲಿ 444 ವಾಹನಗಳ ರಿಕಾಲ್ ದಾಖಲಿಸಿತು. ಅಲ್ಲಿ ಮಾಲೀಕರೂ ಅವರೇ, ರಿಪೇರಿ ಮಾಡುವವರೂ ಅವರೇ, ಪತ್ರ ಬರೆಯಲು ಬೇರೆ ಗ್ರಾಹಕನೇ ಇಲ್ಲ. ಆದರೂ ರಿಕಾಲ್ ಎಂದೇ ಕರೆದರು.

ಹಳೆಯ ಕಾಲದ ಕಷ್ಟ ಬೇರೆಯೇ ಇತ್ತು. ಟಕಾಟಾ ಕಂಪನಿಯ ಏರ್‌ಬ್ಯಾಗುಗಳ ರಿಕಾಲಿನಲ್ಲಿ ಅಮೆರಿಕವೊಂದರಲ್ಲೇ ಅವುಗಳನ್ನು ಉಬ್ಬಿಸುವ ಸುಮಾರು 6.7 ಕೋಟಿ ಇನ್‌ಫ್ಲೇಟರುಗಳನ್ನು ಬದಲಿಸಬೇಕಿತ್ತು. ಪತ್ರದ ಮೇಲೆ ಪತ್ರ ಹೋದರೂ ಜನ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ, ಜಾಹೀರಾತಿನ ಕಾಗದವೆಂದು ಬುಟ್ಟಿಗೆ ಎಸೆದವರೂ ಇದ್ದರು. ಕಾರನ್ನು ತರಿಸುವುದೇ ಆಗಿನ ಹರಸಾಹಸ. ಗಾಳಿಯಲ್ಲಿ ಬರುವ ಅಪ್‌ಡೇಟ್ ಆ ಕಷ್ಟವನ್ನು ಹೆಚ್ಚುಕಡಿಮೆ ಅಳಿಸಿಹಾಕಿದೆ, ನನ್ನ ವೃತ್ತಿಜೀವನದಲ್ಲಿ ಕಂಡ ದೊಡ್ಡ ಉಪಕಾರಗಳಲ್ಲಿ ಅದೂ ಒಂದು. ಈಗಿನ ಕಷ್ಟವೆಂದರೆ ಕಾರು ತಾನಾಗಿ ಸರಿಯಾಗುತ್ತದೆ, ಆದ್ದರಿಂದ ಏನು ಕೆಟ್ಟಿತ್ತು ಎಂದು ಯಾರೂ ಓದುವುದಿಲ್ಲ.

ಓದಬೇಕಾದದ್ದು ಏಕೆಂದರೆ ರಿಕಾಲ್ ಪ್ರಕಟವಾಗುವ ದಿನಕ್ಕೂ ಅಪ್‌ಡೇಟ್ ನಿಮ್ಮ ಕಾರಿಗೆ ಬರುವ ದಿನಕ್ಕೂ ನಡುವೆ ಅಂತರವಿರುತ್ತದೆ. 2023ರ ಫೆಬ್ರುವರಿಯ ರಿಕಾಲಿನಲ್ಲಿ ಮಾಲೀಕರಿಗೆ ಪತ್ರ ಕಳಿಸಲು ಹೇಳಿದ್ದ ಗಡುವು ಏಪ್ರಿಲ್ 15. ಅಲ್ಲಿಯವರೆಗೆ ತಿರುವಿನ ಪಥದಲ್ಲಿ ನಿಂತಾಗ ಕೈ ಎಲ್ಲಿರಬೇಕು, ಹಳದಿ ದೀಪ ಕಂಡಾಗ ಕಾಲು ಎಲ್ಲಿರಬೇಕು ಎಂಬುದನ್ನು ರಿಕಾಲ್ ವರದಿಯಲ್ಲಿದ್ದ ದೋಷಗಳ ಆ ನಾಲ್ಕು ಸಾಲು ಹೇಳುತ್ತಿದ್ದವು. ಆ ವಾರಗಳಲ್ಲಿ ದೋಷಕ್ಕೆ ಪರಿಹಾರ ನೀವೇ. ಊಟದ ಮನೆಯ ನಾಲ್ವರಲ್ಲಿ ಆ ಸಾಲುಗಳನ್ನು ಎಷ್ಟು ಜನ ಓದಿದ್ದೀರಿ ಎಂದು ಕೇಳಿದೆ. ಹಪ್ಪಳ ಮುರಿಯುವ ಸದ್ದು ಬಿಟ್ಟರೆ ಬೇರೆ ಉತ್ತರ ಬರಲಿಲ್ಲ.

ಮರುವರ್ಷ ನನ್ನ ಪರಿಚಯದ ಹಿರಿಯರೊಬ್ಬರ ಜೊತೆ ಸ್ಯಾಕ್ರಮೆಂಟೊಗೆ ಹೋಗುವುದಿತ್ತು. ಯಾವ ಕಂಪನಿಯ ಕಾರು ಎಂದು ಹೇಳುವುದಿಲ್ಲ, ಅದರ ತಪ್ಪೇನೂ ಇರಲಿಲ್ಲ. ಇವರು ರಾತ್ರಿ ಮಲಗುವ ಮುನ್ನ ಒಲೆಯ ತಿರುಪನ್ನು ಎರಡು ಸಲ ಮುಟ್ಟಿ ನೋಡುವ ಮನುಷ್ಯ. ಸ್ಟೀರಿಂಗಿನ ಎಡಗಡೆ ಕಪ್ಪು ಬಟ್ಟೆಯ ಪಟ್ಟಿಯೊಂದು ಸುತ್ತಿಕೊಂಡಿತ್ತು, ವ್ಯಾಯಾಮಕ್ಕೆ ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಾರಲ್ಲ, ಆ ತೂಕದ ಪಟ್ಟಿ. ಅದರ ಅಂಚು ಉಜ್ಜಿ ಚರ್ಮದ ಮೇಲೆ ಬಿಳಿಯ ಗೆರೆ ಬಿದ್ದಿತ್ತು, ಅಂದರೆ ಬಹಳ ದಿನಗಳ ವಾಸ. ಸ್ಟೀರಿಂಗಿನ ಮೇಲೆ ಕೈ ಇಲ್ಲದಿದ್ದರೆ ಗಂಟೆ ಹೊಡೆದು ಎಚ್ಚರಿಸುವ ಕಾರು, ಕೈ ಇದೆ ಎಂದು ಮೋಸಹೋಗಲಿ ಎಂದು ಕಟ್ಟಿದ್ದು. "ಹೊಸ ಅಪ್‌ಡೇಟ್ ಬಂದ ಮೇಲೆ ವಿಪರೀತ ಕಿರಿಕಿರಿ ಮಾಡುತ್ತದೆ ಸಾರ್, ಅದಕ್ಕೆ" ಎಂದರು. ಇಂಥದ್ದೇ ಉಪಾಯದ ಸಾಧನವೊಂದರ ಮಾರಾಟವನ್ನು ನಿಲ್ಲಿಸುವಂತೆ ಎನ್‌ಎಚ್‌ಟಿಎಸ್‌ಎ 2018ರಲ್ಲೇ ಪತ್ರ ಬರೆದಿತ್ತು ಎಂದೆ. ಹಿಂದಿನ ಸೀಟಿನಿಂದ ಅವರ ಹೆಂಡತಿ, "ನನ್ನ ಮಾತಂತೂ ಕೇಳುವುದಿಲ್ಲ, ಆ ಗಂಟೆಯ ಮಾತನ್ನಾದರೂ ಕೇಳಲಿ ಎಂದರೆ ಅದರ ಬಾಯಿಗೂ ಬಟ್ಟೆ ಕಟ್ಟಿದ್ದಾರೆ" ಎಂದರು. ಪಟ್ಟಿ ಬಿಚ್ಚಿಸಿದ ಮೇಲೆಯೇ ನಾನು ಬೆಲ್ಟ್ ಹಾಕಿಕೊಂಡದ್ದು. ದಾರಿಯುದ್ದಕ್ಕೂ ಅವರು ನನ್ನ ಮೇಲೆ ಸಿಟ್ಟಾಗಿದ್ದರು, ವಾಕವಿಲ್ ದಾಟಿದ ಮೇಲೆ ಚಕ್ಕುಲಿ ಕೊಟ್ಟರು.

ಅವರ ಸಿಟ್ಟಿನಲ್ಲೂ ಒಂದು ನ್ಯಾಯವಿದೆ ಎನ್ನಬೇಕು. ಗಮನವಿಡಿ, ಗಮನವಿಡಿ ಎಂದು ಎಲ್ಲ ಹೊರೆಯನ್ನೂ ಚಾಲಕನ ಮೇಲೆ ಹಾಕುವ ಯಂತ್ರವನ್ನು 'ಪೂರ್ಣ ಸ್ವಯಂಚಾಲನೆ' ಎಂದು ಮಾರಿದರೆ ಕೊಂಡವನಿಗೆ ಸಿಡಿಮಿಡಿಯಾಗದೆ ಇರುತ್ತದೆಯೇ? ಹೆಸರಿನ ಮುಂದೆ 'ಮೇಲ್ವಿಚಾರಣೆಯಲ್ಲಿ' ಎಂಬರ್ಥದ ಪದ ಸೇರಿದ್ದು 2024ರಲ್ಲಿ. ಆ ಒಂದು ಪದ ಬರಲು ಅಷ್ಟು ವರ್ಷ ಬೇಕಿತ್ತೇ ಎಂಬುದು ನನ್ನ ತಕರಾರು.

ಇನ್ನು ಕೈಕೆಲಸದ ಮಾತು. ಕಾರಿನ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯನ್ನು ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹಾಕಿ ನೋಡಿ. ಸೆಕೆಂಡ್ ಹ್ಯಾಂಡ್ ಕಾರಾದರಂತೂ ತಪ್ಪಿಸಬೇಡಿ, ಪತ್ರ ಹಳೆಯ ಮಾಲೀಕನ ವಿಳಾಸಕ್ಕೆ ಹೋಗಿರಬಹುದು. ಅಪ್‌ಡೇಟ್ ತಾನಾಗಿ ಬರುತ್ತದೆ ಎಂಬುದನ್ನೂ ಪೂರ್ತಿ ನಂಬಬೇಡಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ವೈಫೈ ಸಿಗದೆ ವಾರಗಟ್ಟಲೆ ಹಳೆಯ ತಂತ್ರಾಂಶದಲ್ಲೇ ಓಡುತ್ತಿರುವ ಕಾರುಗಳಿವೆ.

ಅಂಥ ಒಂದು ಕಾರು ನಮ್ಮ ಕನ್ನಡ ಕೂಟದ ಹುಡುಗಿಯೊಬ್ಬಳದು. ಬೈದು ಹೇಳಿದ ಮೇಲೆ ಒಂದು ಶನಿವಾರ ದೇವಸ್ಥಾನದ ಎದುರು ಕಾರು ನಿಲ್ಲಿಸಿ, ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು, ಒಳಗೆ ಹೋಗಿ ಪ್ರಸಾದ ತೆಗೆದುಕೊಂಡು ಬಂದಳು. ಅಪ್‌ಡೇಟ್ ಕೂರುವವರೆಗೆ ಕಾರು ಕದಲುವಂತಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಬಿಸಿ ಪೊಂಗಲ್ ತಿನ್ನುತ್ತ ನನಗೆ ಫೋನು ಮಾಡಿದಳು. "ಅಂಕಲ್, ಇನ್ನೂ ಇಪ್ಪತ್ತು ನಿಮಿಷ ತೋರಿಸುತ್ತಿದೆ. ಆ ನಾಲ್ಕು ಸಾಲು ಎಲ್ಲಿದೆ ಎಂದಿರಿ?"