ಹನ್ನೆರಡಕ್ಕೆ ಹನ್ನೆರಡು ಅಂಕ ಪಡೆದ ಗಾಯಾಳು

ಪಡುಬಿದ್ರಿಯ ಬಳಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸ್ಕೂಟರಿನ ಹಿಂಬದಿಯಿಂದ ಬಿದ್ದಿದ್ದ 72 ವರ್ಷದ ಹಿರಿಯರೊಬ್ಬರು ಆಂಬುಲೆನ್ಸಿನಿಂದ ಇಳಿಯುವಾಗಲೂ ತುಳುವಿನಲ್ಲಿ ಸ್ಪಷ್ಟವಾಗಿ ಮಾತನಾಡುತ್ತಿದ್ದರು. ನಾಡಿ 78, ಉಸಿರಾಟ 20, ಮೇಲಿನ ರಕ್ತದೊತ್ತಡ 104. ಹೊಟ್ಟೆಯೊಳಗೆ ಗುಲ್ಮ (ಸ್ಪ್ಲೀನ್) ಸೀಳಿ ರಕ್ತ ಸೋರುತ್ತಿತ್ತು.

ಗಾಯಾಳುವನ್ನು ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯಬೇಕೇ, ಹತ್ತಿರದ ಸಣ್ಣ ಆಸ್ಪತ್ರೆ ಸಾಕೇ ಎಂಬುದನ್ನು ರಸ್ತೆಯಲ್ಲೇ ನಿರ್ಧರಿಸಲು ನೆರವಾಗುವ ಅಳತೆಗೋಲುಗಳಲ್ಲಿ ಈ ಹಿರಿಯರನ್ನು ಇಟ್ಟು ನೋಡಿ. ಪ್ರಜ್ಞೆ, ರಕ್ತದೊತ್ತಡ, ಉಸಿರಾಟಗಳಿಗೆ ತಲಾ ನಾಲ್ಕು ಅಂಕ ಕೊಡುವ ಪರಿಷ್ಕೃತ ಟ್ರಾಮಾ ಸ್ಕೋರಿನಲ್ಲಿ ರಕ್ತದೊತ್ತಡ 89 ದಾಟಿದರೆ ಪೂರ್ಣ ಅಂಕ. ಹಾಗಾಗಿ ಇವರಿಗೆ 12ಕ್ಕೆ 12. ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಗ್ಯಾಪ್ ಸ್ಕೋರಿನಲ್ಲಿ ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಮಾಪನಕ್ಕೆ 15, ವಯಸ್ಸಿಗೆ ಸೊನ್ನೆ, ರಕ್ತದೊತ್ತಡಕ್ಕೆ 4, ಒಟ್ಟು 19. ಅಪಾಯ ಕಡಿಮೆ ಎನ್ನುವ ವರ್ಗ ಆರಂಭವಾಗುವುದೇ 19ರಿಂದ. ನಾಡಿಯನ್ನು ರಕ್ತದೊತ್ತಡದಿಂದ ಭಾಗಿಸುವ ಶಾಕ್ ಇಂಡೆಕ್ಸ್ 0.75, ಅದೂ ಗಾಬರಿ ಹುಟ್ಟಿಸುವಷ್ಟಿಲ್ಲ. ಅವರು ನುಂಗುತ್ತಿದ್ದ ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ಏರಗೊಡುತ್ತಿರಲಿಲ್ಲ, ದಿನವೂ 150ರ ಆಸುಪಾಸಿನಲ್ಲಿರುತ್ತಿದ್ದ ರಕ್ತದೊತ್ತಡ 104ಕ್ಕೆ ಕುಸಿದಿದೆ ಎಂಬುದು ಯಾವ ಅಂಕಪಟ್ಟಿಗೂ ತಿಳಿಯಲಿಲ್ಲ. 65 ತುಂಬಿದವರಿಗೆ 110ಕ್ಕಿಂತ ಕೆಳಗಿನ ರಕ್ತದೊತ್ತಡವನ್ನೇ ಅಪಾಯವೆಂದು ಎಣಿಸುವ ಅಮೆರಿಕದ 2021ರ ಮಾರ್ಗಸೂಚಿಯೊಂದೇ ಇವರನ್ನು ಹಿಡಿಯುತ್ತಿತ್ತು.

ಆ ಮಾರ್ಗಸೂಚಿಯಂತೆ ನಡೆದರೆ ಅಂಥ ಗಾಯವಿಲ್ಲದ ಹಿರಿಯರೂ ದೊಡ್ಡ ಆಸ್ಪತ್ರೆಗೆ ಬರುತ್ತಾರೆ, ನಿಜ. ತೀವ್ರ ಗಾಯಾಳುಗಳಲ್ಲಿ ದೊಡ್ಡ ಆಸ್ಪತ್ರೆಗೆ ಹೋಗದೆ ಕೈತಪ್ಪುವವರು ಶೇಕಡಾ 5ರೊಳಗಿರಬೇಕೆಂಬ ಗುರಿಗಾಗಿ ಶೇಕಡಾ 35ರವರೆಗಿನ ಅತಿ ಎಚ್ಚರವನ್ನು ಸಹಿಸಬಹುದೆಂದು ಟ್ರಾಮಾ ಶಸ್ತ್ರವೈದ್ಯರು ಒಪ್ಪಿಕೊಂಡು ಬಂದಿದ್ದಾರೆ. ಇನ್ನೊಂದು ತೊಡಕೂ ಇದೆ: ಈ ಸಾಧನಗಳನ್ನು ಹೋಲಿಸುವ ಅಧ್ಯಯನಗಳು ಬಹುಮಟ್ಟಿಗೆ ಗಾಯತೀವ್ರತೆಯ ಸೂಚ್ಯಂಕ 15 ಮೀರಿತ್ತೇ ಎಂದು ನೋಡುತ್ತವೆ. ಆ ಸಂಖ್ಯೆ ಸಿಗುವುದು ಸಿಟಿ ಸ್ಕ್ಯಾನೋ ಶಸ್ತ್ರಚಿಕಿತ್ಸೆಯೋ ಆದ ಮೇಲೆ. ರೋಗಿಗೆ ತುರ್ತಾಗಿ ರಕ್ತ ಬೇಕಿತ್ತೇ ಎಂಬುದನ್ನು ಅದು ಹೇಳುವುದಿಲ್ಲ.

ಪ್ರಜ್ಞೆಯನ್ನು ಅಳೆಯಲು ಅದೇ ಮಾರ್ಗಸೂಚಿ ಕೇಳುವುದು, ಹೇಳಿದ ಮಾತಿನಂತೆ ಗಾಯಾಳು ನಡೆದುಕೊಳ್ಳುತ್ತಾನೆಯೇ ಎಂದಷ್ಟೇ. ಅಲುಗಾಡುವ ವಾಹನದಲ್ಲಿ ಪೂರ್ಣ ಗ್ಲಾಸ್ಗೋ ಎಣಿಸುವುದಕ್ಕಿಂತ ಇದು ವಾಸಿ. ಆದರೆ ‘ಕೈ ಎತ್ತಿ’ ಎಂದು ಕನ್ನಡದಲ್ಲಿ ಹೇಳಿ, ಬಿಹಾರದಿಂದ ಬಂದ ಮೀನುಗಾರಿಕಾ ದೋಣಿಯ ಕಾರ್ಮಿಕ ಎತ್ತಲಿಲ್ಲವೆಂದು ಬರೆದುಕೊಂಡರೆ ಅದು ಅವನ ಮಿದುಳಿನ ಪರೀಕ್ಷೆಯಾಗದು.

ಕರಾವಳಿಯ ಆಂಬುಲೆನ್ಸ್ ಸಿಬ್ಬಂದಿಗೆ ಕೂಡುವ ಲೆಕ್ಕ ಬೇಡ, ವಯಸ್ಸಿಗೆ ತಕ್ಕ ರಕ್ತದೊತ್ತಡದ ಮಿತಿ ಮತ್ತು ನಾಡಿಯು ರಕ್ತದೊತ್ತಡವನ್ನು ಮೀರಿದೆಯೇ ಎಂಬ ಪ್ರಶ್ನೆ ಇವೆರಡನ್ನಾದರೂ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಆಂಬುಲೆನ್ಸಿನಿಂದ ಫೋನ್ ಬಂದಾಗ ನಾನೀಗ ಮೊದಲು ಕೇಳುವುದು ವಯಸ್ಸು. ಅದರ ಬೆನ್ನಿಗೇ, ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು.