ಕಷಾಯದ ಮುಚ್ಚಳ ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು

ಭೈಷಜ್ಯ ಕಲ್ಪನೆಯಲ್ಲಿ, ಅಂದರೆ ಆಯುರ್ವೇದದ ಔಷಧಿ ತಯಾರಿಕೆಯ ವಿಷಯದಲ್ಲಿ, ಪಂಚವಿಧ ಕಷಾಯದ (ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ) ಪಾಠ ಓದುತ್ತಿರುವವರಿಗೆ ಈ ಟಿಪ್ಪಣಿ. ಸ್ವರಸ ಅಂದರೆ ಹಿಂಡಿದ ರಸ, ಕಲ್ಕ ಅಂದರೆ ಅರೆದದ್ದು. ಅವೆರಡರಲ್ಲಿ ಗೊಂದಲ ಏನೂ ಇಲ್ಲ, ಇಲ್ಲಿಗೇ ಬಿಡುತ್ತೇನೆ. ತಲೆ ತಿನ್ನುವುದು ಕ್ವಾಥ, ಫಾಂಟ ಮತ್ತು ಅವುಗಳ ಪಕ್ಕದಲ್ಲೇ ಬರುವ ಪಾನೀಯ. ಬಾಡೂಟ ಜೋರಾದ ರಾತ್ರಿ ನಮ್ಮ ಮೈಸೂರು, ಮಂಡ್ಯ ಕಡೆ ಮನೆಗಳಲ್ಲಿ ಶುಂಠಿ, ಮೆಣಸು, ಜೀರಿಗೆ, ಕೊತ್ತಂಬರಿ ಹಾಕಿ ಒಂದು ಕಷಾಯ ಕಾಯಿಸುತ್ತಾರಲ್ಲ, ಅದು ಇವುಗಳಲ್ಲಿ ಯಾವುದು? ಈ ಪ್ರಶ್ನೆ ಹಿಡಿದು ಹೊರಟರೆ ಇಡೀ ಪಾಠ ಸರಿಯಾಗಿ ಕೂರುತ್ತದೆ.

ಮೊದಲು ನೀರಿನ ಲೆಕ್ಕ

ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆಯ ಪ್ರಕಾರ ಕ್ವಾಥಕ್ಕೆ ದ್ರವ್ಯ 1 ಪಾಲು, ನೀರು 16 ಪಾಲು. ಕುದಿಸಿ ಎಂಟನೇ ಒಂದು ಭಾಗಕ್ಕೆ ಇಳಿಸಬೇಕು. ಫಾಂಟಕ್ಕೆ 1 ಪಾಲು ಪುಡಿಗೆ 4 ಪಾಲು ಬಿಸಿನೀರು. ಇದನ್ನು ಕುದಿಸುವುದಿಲ್ಲ, ನೆನೆಸಿಟ್ಟು ಬಟ್ಟೆಯಲ್ಲಿ ಸೋಸುತ್ತಾರೆ. ಹಿಮಕ್ಕೆ 6 ಪಾಲು ತಣ್ಣೀರು, ರಾತ್ರಿಯಿಡೀ ನೆನೆಯಬೇಕು. ಪಾನೀಯಕ್ಕೆ ಮಾತ್ರ 64 ಪಾಲು ನೀರು, ಅರ್ಧಕ್ಕೆ ಇಳಿಸುವುದು.

ಈಗ 10 ಗ್ರಾಂ ಸಾಮಾನು ಇಟ್ಟುಕೊಂಡು ಲೆಕ್ಕ ಹಾಕಿ. ಕ್ವಾಥ ಮಾಡಿದರೆ 160 ಮಿ.ಲೀ. ನೀರು ಕುದಿದು ಉಳಿಯುವುದು 20 ಮಿ.ಲೀ. ಅದು ಮೂಗು ಹಿಡಿದು ನುಂಗುವ ಔಷಧಿ. ಪಾನೀಯದ ಲೆಕ್ಕದಲ್ಲಿ 640 ಮಿ.ಲೀ. ಕುದಿದು 320 ಉಳಿಯುತ್ತದೆ. ಇಬ್ಬರಿಗೆ ಒಂದೊಂದು ಲೋಟ, ಕೂತು ಕುಡಿಯಬಹುದು. ಅಲ್ಲಿಗೆ ಮನೆಯ ಕಷಾಯ ಹೆಸರಿಗಷ್ಟೇ ಕಷಾಯ. ನೀರಿನ ಲೆಕ್ಕದಲ್ಲಿ ಅದು ಪಾನೀಯ, ಸೀದಾ ಬಿಸಿನೀರು ಸುರಿದು ಮಾಡಿದರೆ ಫಾಂಟದ ಕಡೆಗೆ ವಾಲುತ್ತದೆ. ಕ್ವಾಥವಂತೂ ಅಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಉದಾಹರಣೆ ಕೇಳಿದರೆ ‘ಮನೆ ಕಷಾಯ ಕ್ವಾಥ’ ಅನ್ನಬೇಡಿ.

ಮುಚ್ಚಳ

ನನಗೆ ಬಹಳ ದಿನ ಬಗೆಹರಿಯದೇ ಉಳಿದದ್ದು ಇದೇ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಕ್ವಾಥವನ್ನು ಸಣ್ಣ ಉರಿಯಲ್ಲಿ, ಪಾತ್ರೆಯ ಬಾಯಿ ತೆರೆದಿಟ್ಟು ಕುದಿಸಬೇಕು ಎಂದು ಗ್ರಂಥ ಹೇಳುತ್ತದೆ. ಮುಚ್ಚಿ ಕುದಿಸಿದ ನೀರು ಜೀರ್ಣಕ್ಕೆ ಕಷ್ಟವಾಗುತ್ತದೆ ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ಸುಮ್ನೆ ಯೋಚಿಸಿದರೂ ಇದು ಸರಿ. ಎಂಟನೇ ಒಂದು ಭಾಗಕ್ಕೆ ಇಳಿಯಬೇಕಾದರೆ ಹಬೆ ಹೊರಗೆ ಹೋಗಲೇಬೇಕು, ಮುಚ್ಚಳ ಹಾಕಿದರೆ ಅದು ನೀರಾಗಿ ವಾಪಸ್ ಪಾತ್ರೆಗೇ ಬೀಳುತ್ತದೆ.

ಆದರೆ ದ್ರವ್ಯಗುಣದ, ಅಂದರೆ ಮೂಲಿಕೆಗಳ ಗುಣ ಹೇಳುವ ಪುಸ್ತಕದ, ಪುಟ ತೆರೆದರೆ ಜೀರಿಗೆ, ಕೊತ್ತಂಬರಿ, ಸೋಂಪು, ಓಮ, ಏಲಕ್ಕಿ ಎಲ್ಲದರಲ್ಲೂ ಹಾರುವ ಎಣ್ಣೆ ಇದೆ. ಸೋಂಪಿನಲ್ಲಿ ಅನೆಥೋಲ್, ಓಮದಲ್ಲಿ ಥೈಮೋಲ್, ಕೊತ್ತಂಬರಿಯಲ್ಲಿ ಲಿನಲೂಲ್. ತೆರೆದ ಪಾತ್ರೆಯಲ್ಲಿ ಇವನ್ನು ಕುದಿಸುತ್ತಾ ಕೂತರೆ ಆ ಎಣ್ಣೆ ಹಬೆಯ ಜೊತೆ ಹೋಗುತ್ತದೆ. ಅಡುಗೆಮನೆ ತುಂಬಾ ಘಮ, ಲೋಟದಲ್ಲಿ ಏನಿಲ್ಲ. ಹಾಗಾದರೆ ಮುಚ್ಚಬೇಕೋ, ತೆರೆಯಬೇಕೋ?

ಎರಡೂ ಬೇಕು, ಆದರೆ ಒಂದೇ ಹೊತ್ತಿಗಲ್ಲ. ಎಲ್ಲ ಸಾಮಾನನ್ನೂ ಒಟ್ಟಿಗೆ ಪಾತ್ರೆಗೆ ಸುರಿಯುವ ಅಭ್ಯಾಸದಿಂದಲೇ ಈ ಜಗಳ ಹುಟ್ಟುವುದು. ಒಣಶುಂಠಿಯ ಖಾರ ಮತ್ತು ಮೆಣಸಿನ ಪಿಪೆರಿನ್ ಹಬೆಯಲ್ಲಿ ಹಾರಿಹೋಗುವಂಥವಲ್ಲ. ಅವು ನೀರಿಗೆ ಇಳಿಯುವುದೇ ನಿಧಾನ, ಕುದಿ ಬೇಕೇ ಬೇಕು. ಅವನ್ನು ಮೊದಲು ಹಾಕಿ, ಮುಚ್ಚಳ ತೆಗೆದು ಕುದಿಸಿ ಅರ್ಧಕ್ಕೆ ಇಳಿಸಿ. ಒಲೆ ಆರಿಸಿ. ಆಮೇಲೆ ಜೀರಿಗೆ, ಕೊತ್ತಂಬರಿ, ಸೋಂಪು ಹಾಕಿ ಮುಚ್ಚಿ. ಮೊದಲರ್ಧ ಪಾನೀಯದ ವಿಧಾನ, ಎರಡನೆಯದು ಫಾಂಟದ ವಿಧಾನ. ಇದು ಗ್ರಂಥದಲ್ಲಿ ಇರುವ ಹಾಗೆ ಅಲ್ಲ, ಎರಡು ವಿಧಾನ ಸೇರಿಸಿ ನಾನು ಮಾಡಿಕೊಂಡ ಹೊಂದಾಣಿಕೆ. ಪರೀಕ್ಷೆಯಲ್ಲಿ ಕ್ವಾಥ ಬರೆಯುವಾಗ ‘ಮುಚ್ಚಳ ತೆರೆದು’ ಅಂತಲೇ ಬರೆಯಿರಿ.

ನೆನಪಿಗೆ ಒಂದು ಸುಲಭ ದಾರಿ: ನಾಲಿಗೆಗೆ ಹತ್ತುವುದು ಮೊದಲು, ಮೂಗಿಗೆ ಬಡಿಯುವುದು ಕೊನೆಗೆ. ಶುಂಠಿ, ಮೆಣಸು, ಹಿಪ್ಪಲಿ, ಜ್ಯೇಷ್ಠಮಧು ಮೊದಲು. ಓಮ, ಏಲಕ್ಕಿ, ತುಳಸಿ ಕೊನೆಗೆ. ಚಕ್ಕೆ ಮಾತ್ರ ಈ ಸೂತ್ರಕ್ಕೆ ಬಗ್ಗುವುದಿಲ್ಲ. ತೊಗಟೆ ಗಟ್ಟಿ, ಘಮ ಮಾತ್ರ ಹಾರುವಂಥದ್ದು. ಒಲೆ ಆರಿಸುವುದಕ್ಕೆ ಸ್ವಲ್ಪ ಮುಂಚೆ ಹಾಕಿದರೆ ಸರಿಹೋಗುತ್ತದೆ.

ಸಾಮಾನು

ಇಬ್ಬರಿಗೆ: ಹೆಬ್ಬೆರಳ ಉಗುರಿನಷ್ಟು ಒಣಶುಂಠಿ, ಆರೆಂಟು ಕಾಳು ಮೆಣಸು, ಒಂದು ಹಿಪ್ಪಲಿ, ಎರಡು ಚಮಚ ಕೊತ್ತಂಬರಿ ಬೀಜ, ಜೀರಿಗೆ ಮತ್ತು ಸೋಂಪು ಒಂದೊಂದು ಚಮಚ. ಎಲ್ಲ ಸೇರಿ ಸುಮಾರು 10 ಗ್ರಾಂ ಆಗುತ್ತದೆ, ನೀರು 640 ಮಿ.ಲೀ. ಹಿಪ್ಪಲಿ ಎಲ್ಲ ದಿನಸಿ ಅಂಗಡಿಯಲ್ಲೂ ಸಿಗುವುದಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಕೇಳಿ. ಶುಂಠಿಯನ್ನೂ ಅಲ್ಲೇ ಮುರಿದು ನೋಡಿ ಕೊಳ್ಳಿ, ಒಳಗೆ ಪುಡಿಪುಡಿಯಾಗಿ ಹುಳು ಹಿಡಿದಿದ್ದರೆ ಬೇಡ.

ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಪಾಠದಲ್ಲಿ ಬರುವ ಯವಕುಟ ಇದೇ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಸೋಸಲು ಆಗುವುದಿಲ್ಲ, ತಳದಲ್ಲಿ ಗಸಿ ನಿಲ್ಲುತ್ತದೆ. ಜೀರಿಗೆ, ಕೊತ್ತಂಬರಿಯನ್ನು ಹಾಕುವ ಹೊತ್ತಿಗೇ ಕುಟ್ಟಿ. ಹಾಕಿ ಮುಚ್ಚಿದ ಮೇಲೆ ಹತ್ತು ನಿಮಿಷ ಸಾಕು.

ಸಿಹಿಗೆ ಬೆಲ್ಲ. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಳದಿಯಾಗಿ ಹೊಳೆಯುವ ಅಚ್ಚಿಗಿಂತ ಆಲೆಮನೆಯ ಕಂದು ಬೆಲ್ಲ ನನಗೆ ಇಷ್ಟ. ಜೇನು ಹಾಕುವುದಾದರೆ ಕಷಾಯ ಉಗುರು ಬೆಚ್ಚಗಾದ ಮೇಲೆ, ಬಿಸಿಗೆ ಜೇನು ಸೇರಿಸಬಾರದು ಎಂಬುದು ಆಯುರ್ವೇದದ ನಿಯಮ. ಪ್ರಶ್ನೆಪತ್ರಿಕೆಗೆ ಬೇಕಾದ ಲೆಕ್ಕವೂ ಇಲ್ಲೇ ಇದೆ: ಕ್ವಾಥಕ್ಕೆ ಸಕ್ಕರೆ ವಾತದಲ್ಲಿ ನಾಲ್ಕನೇ ಒಂದು, ಪಿತ್ತದಲ್ಲಿ ಎಂಟನೇ ಒಂದು, ಕಫದಲ್ಲಿ ಹದಿನಾರನೇ ಒಂದು ಭಾಗ. ಜೇನಿಗೆ ಇದೇ ಲೆಕ್ಕ ತಿರುಗಾಮುರುಗಾ. ಹಾಲು ಹಾಕಿದರೆ ರುಚಿ ಬರುತ್ತದೆ ನಿಜ, ಆದರೆ ಅಜೀರ್ಣಕ್ಕೆಂದು ಮಾಡಿದ್ದಕ್ಕೆ ಹಾಲು ಸುರಿಯುವುದು ಯಾಕೆ?

ದೀಪನ, ಪಾಚನ

ಹಸಿವೆಯ ಅಗ್ನಿಯನ್ನು ಹೊತ್ತಿಸಿಯೂ ಆಮವನ್ನು (ಸರಿಯಾಗಿ ಜೀರ್ಣವಾಗದೆ ಉಳಿದದ್ದನ್ನು) ಕರಗಿಸದೆ ಇರುವುದು ದೀಪನ. ಆಮ ಕರಗಿಸಿಯೂ ಅಗ್ನಿ ಹೊತ್ತಿಸದೆ ಇರುವುದು ಪಾಚನ. ದೀಪನಕ್ಕೆ ಮಿಶಿ, ಪಾಚನಕ್ಕೆ ನಾಗಕೇಸರ, ಎರಡಕ್ಕೂ ಚಿತ್ರಕ, ಈ ಮೂರು ಉದಾಹರಣೆ ಬಾಯಿಪಾಠ ಮಾಡಿ. ನಮ್ಮ ಲೋಟದಲ್ಲಿರುವ ಶುಂಠಿ, ಕೊತ್ತಂಬರಿಗೆ ಎರಡೂ ಗುಣ ಹೇಳುತ್ತಾರೆ. ಧನುರ್ಮಾಸದ ಹುಗ್ಗಿಗೆ ಮೆಣಸು, ಜೀರಿಗೆ, ಶುಂಠಿ ಯಾಕೆ ಬೀಳುತ್ತದೆ ಎಂದು ಈಗ ಹೊಳೆಯಿತು ಅಲ್ವಾ? ತುಪ್ಪ ಜೀರ್ಣಕ್ಕೆ ಭಾರ, ಪಕ್ಕದಲ್ಲೇ ಅದಕ್ಕೆ ಬೇಕಾದ ದೀಪನ ದ್ರವ್ಯ.

ಕೊತ್ತಂಬರಿ ಬಿಸಿಯೋ, ತಂಪೋ

ಇದು ನನ್ನ ಇನ್ನೊಂದು ತಲೆನೋವು. ಪುಸ್ತಕದಲ್ಲಿ ಕೊತ್ತಂಬರಿ ಉಷ್ಣವೀರ್ಯ, ಅಂದರೆ ಮೈಗೆ ಬಿಸಿ ಮಾಡುವ ಶಕ್ತಿಯದ್ದು. ಮನೆಯಲ್ಲಿ ಉಷ್ಣ ಆಯಿತು ಅಂದರೆ ಕೊಡುವುದೂ ಅದೇ ಕೊತ್ತಂಬರಿ ನೀರು! ಹೇಗೆ? ವೀರ್ಯ ಒಂದನ್ನೇ ಹಿಡಿದುಕೊಂಡರೆ ಉತ್ತರ ಸಿಗುವುದಿಲ್ಲ. ರಸದಲ್ಲಿ ಒಗರು, ಕಹಿ ಇದೆ, ವಿಪಾಕ (ಜೀರ್ಣವಾದ ಮೇಲೆ ಉಳಿಯುವ ರಸ) ಮಧುರ, ಮೂರೂ ಪಿತ್ತ ಇಳಿಸುವ ಕಡೆಯವು. ಮೇಲಾಗಿ ಒಳಗಿನ ಉರಿಗೆ, ಬಾಯಾರಿಕೆಗೆ ಹೇಳಿರುವುದು ಕೊತ್ತಂಬರಿಯ ಹಿಮ: ತಣ್ಣೀರಲ್ಲಿ ರಾತ್ರಿ ನೆನೆಸಿ ಬೆಳಿಗ್ಗೆ ಸಕ್ಕರೆ ಹಾಕಿ ಕುಡಿಯುವುದು. ಅದೇ ಬೀಜವಾದರೂ ಕಲ್ಪನೆ (ತಯಾರಿಸುವ ವಿಧಾನ) ಬದಲಾದರೆ ಬಳಕೆಯೂ ಬದಲಾಗುತ್ತದೆ.

ಹಾಗಾಗಿ ಎದೆಯುರಿ, ಹುಳಿತೇಗು ಇರುವವರ ಲೋಟದಿಂದ ಶುಂಠಿ, ಮೆಣಸು, ಹಿಪ್ಪಲಿ ತೆಗೆಯಿರಿ. ಕೊತ್ತಂಬರಿ, ಜೀರಿಗೆ, ಸೋಂಪು ಸಾಕು. ಹೊಟ್ಟೆ ಉಬ್ಬರ, ತೇಗು ಕಟ್ಟಿದಂತಿದ್ದರೆ ಚಿಟಿಕೆ ಓಮ ಸೇರಿಸಿ. ಬಸುರಿಯರು, ಹೊಟ್ಟೆಹುಣ್ಣು ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ದಿನಾ ಕುಡಿಯುವುದು ಬೇಡ. ನಾವು ಓದುತ್ತಿದ್ದೇವೆ ಅಂತ ಪಕ್ಕದ ಮನೆಯವರಿಗೆಲ್ಲ ಲೋಟ ಹಿಡಿದು ಹೋಗುವುದೂ ಬೇಡ.

ಹಾಸ್ಟೆಲಿನವರಿಗೆ

ರೂಮಿನಲ್ಲಿ ಇರುವುದು ಕೆಟಲ್. ನೀರು ಕುದಿದ ತಕ್ಷಣ ಅದು ತಾನೇ ಆಫ್ ಆಗುತ್ತದೆ, ಅರ್ಧಕ್ಕೆ ಇಳಿಸುವ ಮಾತೇ ಇಲ್ಲ. ಅದರಲ್ಲಿ ಪಾನೀಯ ಮಾಡಲು ಒದ್ದಾಡಬೇಡಿ, ಫಾಂಟವೇ ಮಾಡಿ. ಶುಂಠಿ, ಮೆಣಸನ್ನು ಇಲ್ಲಿ ಮಾತ್ರ ನುಣ್ಣಗೆ ಪುಡಿ ಮಾಡಿಟ್ಟುಕೊಳ್ಳಿ, ಕುದಿಯ ಸಮಯ ಇಲ್ಲದ್ದರಿಂದ ತರಿ ಪುಡಿ ಸರಿಯಾಗಿ ಬಿಡುವುದಿಲ್ಲ. ಎಲ್ಲವನ್ನೂ ಸ್ಟೀಲ್ ಫ್ಲಾಸ್ಕಿಗೆ ಹಾಕಿ, ಕುದಿನೀರು ಸುರಿದು, ಬಿಗಿಯಾಗಿ ಮುಚ್ಚಿ ಕಾಲು ಗಂಟೆ ಬಿಡಿ. ಸೋಸಲು ಹಳೆಯ ಬಿಳಿ ಪಂಚೆ ತುಂಡು ಇಟ್ಟುಕೊಳ್ಳಿ, ಟೀ ಜಾಲರಿಯಲ್ಲಿ ಈ ಪುಡಿ ನಿಲ್ಲುವುದಿಲ್ಲ.