ವಿದುರಾಶ್ವತ್ಥ: ಬಾವುಟದ ಹಿಂದೆ ಇದ್ದ ಬೇಡಿಕೆ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ಅಂದರೆ 1938ರ ಗೋಲಿಬಾರ್ ನೆನಪಾಗುತ್ತದೆ. ಕಾಂಗ್ರೆಸ್ ಬಾವುಟ ಹಾರಿಸಲು ಹೋದರು, ಗುಂಡು ಹಾರಿತು ಅನ್ನುವಲ್ಲಿಗೆ ಕಥೆ ಮುಗಿಸುತ್ತೇವೆ. ಬಾವುಟದ ಹಿಂದೆ ದೊಡ್ಡ ಬೇಡಿಕೆಯೊಂದಿತ್ತು: ಜವಾಬ್ದಾರಿ ಸರ್ಕಾರ. ಜನ ಆರಿಸಿದ ಸಭೆಗೆ ಸರ್ಕಾರ ಉತ್ತರ ಕೊಡಬೇಕು ಅನ್ನುವುದು.

ಮೈಸೂರು ಸಂಸ್ಥಾನದಲ್ಲಿ ಸಭೆಗಳಿಗೇನೂ ಬರ ಇರಲಿಲ್ಲ. 1881ರಲ್ಲೇ ದಿವಾನ್ ರಂಗಾಚಾರ್ಲು 144 ಜನರ ಪ್ರಜಾಪ್ರತಿನಿಧಿ ಸಭೆ ಕರೆದಿದ್ದರು. ದಸರಾ ಹೊತ್ತಿಗೆ ಮೈಸೂರಿಗೆ ಹೋಗುವುದು, ದಿವಾನರ ಭಾಷಣ ಕೇಳುವುದು, ತಮ್ಮ ಕಡೆಯ ಕಷ್ಟ ಹೇಳಿಕೊಂಡು ವಾಪಸ್ ಬರುವುದು. 1907ರಲ್ಲಿ ಇನ್ನೊಂದು ಸಭೆ ಬಂತು, 1923ರಲ್ಲಿ ಸುಧಾರಣೆಯೂ ಆಯಿತು. ದಿವಾನರನ್ನು ಇಳಿಸುವ ಅಧಿಕಾರ ಮಾತ್ರ ಯಾವ ಸಭೆಗೂ ಸಿಗಲಿಲ್ಲ.

ಆಗ ಕೋಲಾರ ಜಿಲ್ಲೆಯಲ್ಲಿದ್ದ ಗೌರಿಬಿದನೂರಿನವರಿಗೆ ಇದು ಜಾಸ್ತಿ ಚುಚ್ಚಿರಬೇಕು. ಪಕ್ಕದ ಹಿಂದೂಪುರ ಮದ್ರಾಸ್ ಪ್ರಾಂತ್ಯದ್ದು. ಅಲ್ಲಿ 1937ರಲ್ಲೇ ಚುನಾಯಿತ ಕಾಂಗ್ರೆಸ್ ಮಂತ್ರಿಮಂಡಲ ಬಂದಿತ್ತು. ಬ್ರಿಟಿಷರ ಕೈಕೆಳಗಿನವರಿಗೆ ಸಿಕ್ಕಿದ್ದು 'ಮಾದರಿ ಸಂಸ್ಥಾನ'ದವರಿಗೆ ಇಲ್ಲ ಅಂದರೆ ಹೇಗೆ?

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ನಿಷೇಧ ಮೀರಿ ಬಾವುಟ ಏರಿತು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ, ಜಾತ್ರೆಯ ಸಮಯದಲ್ಲಿ, ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಅಂತ ಇಲ್ಲಿನವರು ಹೇಳುತ್ತಾರೆ. ಸರ್ಕಾರ ಕೊಟ್ಟ ಲೆಕ್ಕ ಅದಕ್ಕಿಂತ ಕಡಿಮೆ.

ಸುದ್ದಿ ದೇಶವೆಲ್ಲ ಹರಡಿತು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಮೈಸೂರಿನ ಧ್ವಜದ ಜೊತೆ ಕಾಂಗ್ರೆಸ್ ಬಾವುಟವೂ ಹಾರಬಹುದು ಎಂದಾಯಿತು. ಆಡಳಿತ ಸುಧಾರಣಾ ಸಮಿತಿಗೆ ಕಾಂಗ್ರೆಸ್ಸಿನವರನ್ನೂ ಸೇರಿಸಿಕೊಳ್ಳುವುದು, ಜವಾಬ್ದಾರಿ ಸರ್ಕಾರದ ವಿಷಯವನ್ನೂ ಅಲ್ಲಿ ಚರ್ಚಿಸುವುದು ಎಂದೂ ಒಪ್ಪಿಗೆಯಾಯಿತು. ಇಷ್ಟು ವರ್ಷ ಬಾಗಿಲಾಚೆ ನಿಂತು ಕೇಳಿದವರಿಗೆ ಒಳಗೆ ಕುರ್ಚಿ ಸಿಗುತ್ತದೆ ಅಂದರೆ ಆಸೆ ಹುಟ್ಟುವುದು ಸಹಜ ಅಲ್ವಾ? ಅನುಮಾನಕ್ಕೂ ಕಾರಣವಿತ್ತು. ಸಮಿತಿ ಬರೀ ಶಿಫಾರಸು ಮಾಡಬಹುದು. ತೀರ್ಮಾನ ಅರಮನೆಯದು. ತಮ್ಮ ಅಧಿಕಾರ ತಾವೇ ಬಿಟ್ಟುಕೊಡುವವರು ಎಲ್ಲಾದರೂ ಉಂಟೇ?

ಅನುಮಾನವೇ ನಿಜವಾಯಿತು. ಸಭೆಗಳಲ್ಲಿ ಚುನಾಯಿತರು ಹೆಚ್ಚಾದರು, ಸರ್ಕಾರ ಮಾತ್ರ ಅವರ ಕೈಗೆ ಬರಲಿಲ್ಲ. ಮತ್ತೆ ಸತ್ಯಾಗ್ರಹ, ಮತ್ತೆ ಜೈಲು.

1947ರ ಆಗಸ್ಟ್ 15 ಕಳೆದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದಕ್ಕಾಗಿಯೇ 'ಮೈಸೂರು ಚಲೋ' ಚಳವಳಿ ನಡೆದ ಮೇಲೆ, ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಆಗಲೂ ದಿವಾನರ ಹುದ್ದೆ ಹೋಗಲಿಲ್ಲ. ಅದು 1949ರವರೆಗೆ ಉಳಿದುಕೊಂಡಿತ್ತು.